ಕಿವಿಗೆ ಬಿದ್ದಷ್ಟು ಕೂಲಿ

ಕಂಠೀರವಯ್ಯನವರು ನನ್ನ ಕೂಲಿಯನ್ನು ಮೇಜಿನ ಮೇಲಿಟ್ಟರು. ಅದರ ಮೇಲೆ ತಮ್ಮ ಅಂಗೈಯನ್ನೂ ಇಟ್ಟು, "ಶಾಂಭವಿ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಸಂಜೆಯೆಲ್ಲ ಆ ಮೇಜಿನ ಹಿಂದೆ ನಿಂತ್ಕೊಂಡು ನೀನು ಏನು ಮಾಡ್ತೀಯ?" ಎಂದರು.

"ಹಾಡು ಹಾಕ್ತೀನಿ, ಯಜಮಾನರೇ."

"ನನಗೆ ಒಂದೂ ಕೇಳಿಸಲಿಲ್ಲವಲ್ಲ."

"ಮಧ್ಯಾಹ್ನವೇ ಎಲ್ಲ ಕೇಳಿಬಿಟ್ಟಿದ್ರಲ್ಲ."

"ಅದನ್ನೇ ನಾನೂ ಹೇಳೋದು. ಮಧ್ಯಾಹ್ನ ಕೇಳಿದೆ, ಅದಕ್ಕೆ ಕೊಡ್ತಾ ಇದೀನಿ. ಸಂಜೆ ಕೇಳಿಸಲಿಲ್ಲ. ಕೇಳಿಸದೇ ಇರೋದಕ್ಕೆ ಇನ್ನೂ ಜಾಸ್ತಿ ಕೊಡು ಅಂತೀಯಲ್ಲ, ಇದು ಯಾವ ಊರಿನ ನ್ಯಾಯ?"

ಅದು ನಮ್ಮ ಊರಿನದೇ ನ್ಯಾಯವಾಗಿತ್ತು. ನಮ್ಮಲ್ಲಿ ಒಂದು ಹಾಡು ಒಬ್ಬರ ಕಿವಿಗೆ ಒಂದೇ ಸಲ ಬೀಳುತ್ತದೆ. ಎರಡನೆಯ ಸಲ ಹಾಡುವವರ ಬಾಯಿ ಆಡುವುದು ಕಾಣುತ್ತದೆ, ಮೃದಂಗದ ಮೇಲೆ ಬೆರಳು ಓಡುವುದು ಕಾಣುತ್ತದೆ, ಅಷ್ಟೇ. ತಾಯಂದಿರು ಜೋಗುಳವನ್ನು ದಿನಕ್ಕೊಂದು ಸಾಲಿನಂತೆ ಹಾಡಿ, ಮಗು ಶಾಲೆಗೆ ಸೇರುವವರೆಗೂ ಎಳೆಯುತ್ತಾರೆ. ಹೋಟೆಲಿನ ರೇಡಿಯೊದಲ್ಲಿ ಒಳ್ಳೆಯ ಹಾಡೊಂದು ಶುರುವಾದರೆ, ಅದನ್ನು ಮಗಳ ಮದುವೆಗೆಂದು ಉಳಿಸಿಕೊಳ್ಳಬಯಸುವವರು ಇಡ್ಲಿಯನ್ನು ಅರ್ಧಕ್ಕೆ ಬಿಟ್ಟು ಬೀದಿಗಿಳಿಯುತ್ತಾರೆ. ಹಾಡು ಮುಗಿದ ಮೇಲೆ ಒಳಗೆ ಬಂದು, ಸಾಂಬಾರು ಆರಿಹೋಯಿತೆಂದು ಜಗಳ ತೆಗೆಯುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡಲು ಬರುತ್ತದೆಯೇ ಎಂದು ವಿಚಾರಿಸುವುದಿಲ್ಲ, ಎಷ್ಟು ಕೇಳಿದ್ದಾಳೆ ಎಂದು ವಿಚಾರಿಸುತ್ತಾರೆ. ಯಾವುದಾದರೂ ಹಾಡನ್ನು 'ಇದನ್ನು ನಾನು ಕೇಳಿದ್ದೇನೆ' ಎನ್ನುವುದು 'ನನಗೆ ವಯಸ್ಸಾಯಿತು' ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡಂತೆ. ಆದ್ದರಿಂದ ಯಾರೂ ಹಾಗೆ ಹೇಳುವುದಿಲ್ಲ.

ಕಂಠೀರವಯ್ಯನವರ ನೈಟ್ ಕ್ಲಬ್ಬು ಹಳೆಯ ಮಂಜುಗಡ್ಡೆ ಕಾರ್ಖಾನೆಯ ಮಹಡಿಯ ಮೇಲಿತ್ತು. ಹೆಸರಿಗೆ ಮಾತ್ರ ನೈಟ್ ಕ್ಲಬ್ಬು. ಸಂಜೆ ಐದಕ್ಕೆ ತೆರೆದು, ಕೊನೆಯ ಟೌನ್ ಬಸ್ಸಿನ ಹೊತ್ತಿಗೆ ಮುಚ್ಚುತ್ತಿತ್ತು. ಬುಧವಾರ, ಶನಿವಾರ, ಭಾನುವಾರ, ಹೀಗೆ ವಾರಕ್ಕೆ ಮೂರು ಸಂಜೆ. ಅದಕ್ಕೆ ಮೊದಲು ಅವರಿಗೆ ಸೀರೆ ಅಂಗಡಿಯಿತ್ತು. ಪ್ರತಿಯೊಂದು ಸೀರೆಯ ಮಡಿಕೆಯನ್ನೂ ತಾವೇ ಬಿಡಿಸಿ ನೋಡದೆ ಗಿರಾಕಿಯ ಮುಂದೆ ಹರಡಿದವರಲ್ಲ. ಸೀರೆ ಬಿಟ್ಟರೂ ಆ ಅಭ್ಯಾಸ ಅವರನ್ನು ಬಿಡಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ಆ ಸಂಜೆಯ ಹಾಡುಗಳನ್ನೆಲ್ಲ ಅವರ ಕೋಣೆಗೆ ಕೊಂಡೊಯ್ಯಬೇಕಾಗಿತ್ತು. ಅವರು ಮಜ್ಜಿಗೆಯ ಲೋಟವನ್ನು ಪಕ್ಕಕ್ಕಿಟ್ಟುಕೊಂಡು, ಅಂಗೈಯಗಲದ ಪೆಟ್ಟಿಗೆಯೊಂದರಲ್ಲಿ, ಪಕ್ಕದ ಕೋಣೆಗೂ ಕೇಳಿಸದಷ್ಟು ಮೆಲ್ಲಗೆ ಒಂದೊಂದನ್ನೂ ಕಣ್ಮುಚ್ಚಿ ಕೇಳುತ್ತಿದ್ದರು. ಹಿಡಿಸಿದರೆ ತೋರುಬೆರಳೆತ್ತುತ್ತಿದ್ದರು. ಇದಕ್ಕೆ 'ಪಾಸು ಮಾಡುವುದು' ಎಂದು ಹೆಸರು. ಪಾಸಾದ ಹಾಡು ಸಂಜೆಗೆ ಅವರ ಪಾಲಿಗೆ ಇಲ್ಲ. ಜನ ಕುಣಿಯುವುದು ಮಾತ್ರ ಅವರಿಗೆ ಕಾಣುತ್ತಿತ್ತು. ಜನ ತಮ್ಮಷ್ಟಕ್ಕೆ ತಾವೇ ಕುಣಿಯುತ್ತಿದ್ದಾರೆಂಬುದು ಆರು ವರ್ಷಗಳಲ್ಲಿ ಯಜಮಾನರ ಮನಸ್ಸಿನಲ್ಲಿ ಬಲವಾಗಿ ಬೇರೂರಿತ್ತು. ಹಾಡು ನಡೆಯುತ್ತಿದೆಯೆಂದು ಅವರಿಗೆ ತಿಳಿಯದೆಂದಲ್ಲ. ಆದರೆ ತಿಳಿದಿರುವುದು ಬೇರೆ, ಕೇಳಿಸುವುದು ಬೇರೆ. ಗಲ್ಲಾಪೆಟ್ಟಿಗೆಯನ್ನು ತೆರೆಯುವ ಕೈ ತಿಳಿವಳಿಕೆಯ ಮಾತನ್ನು ಕೇಳುವುದಿಲ್ಲ.

ಸಂಜೆ ನನಗೂ ಏನೂ ಕೇಳಿಸುತ್ತಿರಲಿಲ್ಲ. ಹಾಡನ್ನು ಕೊಳ್ಳುವ ಮುನ್ನ ಕೇಳಲೇಬೇಕು. ಕೇಳಿದೊಡನೆ ಅದು ನನ್ನ ಪಾಲಿಗೆ ಮುಗಿಯಿತು. ಕ್ಲಬ್ಬು ಮುಚ್ಚಿರುವ ನಾಲ್ಕು ದಿನವೂ ನಾನು ಬಸ್ಸಿನಲ್ಲಿರುತ್ತಿದ್ದೆ. ಗಡಿಯಾಚೆಯ ಸಂತೆಗಳು, ರೈಲ್ವೆ ಜಂಕ್ಷನ್ನಿನ ಕ್ಯಾಸೆಟ್ಟಂಗಡಿಗಳು, ಮುಳುಗಿದ ನಾಟಕ ಕಂಪನಿಯ ಹಾರ್ಮೋನಿಯಂ ಮೇಷ್ಟ್ರು, ಬತ್ತ ಕುಟ್ಟುವ ಹೆಂಗಸರು, ಹೀಗೆ ನಮ್ಮ ಊರಿನ ಕಿವಿಗೆ ಬೀಳದ ಹಾಡು ಎಲ್ಲೆಲ್ಲಿ ಸಿಗಬಹುದೋ ಅಲ್ಲೆಲ್ಲ ಹೋಗುತ್ತಿದ್ದೆ. ಕೇಳುವ ಆ ಒಂದೇ ಒಂದು ಸಲ, ಅದು ಎಲ್ಲಿ ಏರುತ್ತದೆ, ಎಲ್ಲಿ ನಿಂತು ಉಸಿರೆಳೆದುಕೊಳ್ಳುತ್ತದೆ, ಎಲ್ಲಿ ಜನರನ್ನು ಮೇಲಕ್ಕೆಸೆಯುತ್ತದೆ ಎಂಬುದನ್ನೆಲ್ಲ ಎಡಗೈಯಿಂದ ತೊಡೆಯ ಮೇಲೆ ಬಡಿದು ಮೈಗೆ ಕಲಿಸಿಕೊಳ್ಳುತ್ತಿದ್ದೆ. ಸಂಜೆ ಡಿಜೆ ಮೇಜಿನ ಹಿಂದೆ ನಿಂತಾಗ ಜನರ ಪಾದಗಳೇ ನನಗೆ ಕಿವಿ. ಹೆಜ್ಜೆ ಭಾರವಾದರೆ ಹಾಡು ಬದಲಿಸು. ಹಿಮ್ಮಡಿ ನೆಲ ಬಿಟ್ಟರೆ ಇನ್ನಷ್ಟು ಎಳೆ. ನಮ್ಮ ಊರಿನ ಡಿಜೆಗಳೆಲ್ಲ ಹಾಗೆಯೇ ಕೆಲಸ ಮಾಡುವುದು. ಹೀಗಾಗಿ, ಸಭಾಂಗಣದ ತುಂಬ ಜನ ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಅರಚುತ್ತಿರುವಾಗ, ನಾನೂ ಕಂಠೀರವಯ್ಯನವರೂ ಸಾವಧಾನವಾಗಿ, ದೇವರ ಮನೆಯಲ್ಲಿ ಮಾತನಾಡುವಷ್ಟು ಮೆಲ್ಲಗೆ, ಕೂಲಿಯ ವಿಷಯ ಚರ್ಚಿಸಬಹುದಾಗಿತ್ತು. ಚರ್ಚಿಸಿಯೂ ಚರ್ಚಿಸುತ್ತಿದ್ದೆವು.

ಅವರು ಕೊಡುತ್ತಿದ್ದುದು ಸಂಜೆಗೆ ಆರುನೂರು. ಬಸ್ಸಿಗೂ ಹಾಡಿಗೂ ಅದರಲ್ಲಿ ಅರ್ಧ ಹೋಗುತ್ತಿತ್ತು. ನಾನು ಕೇಳಿದ್ದು ಸಾವಿರದ ಇನ್ನೂರು.

"ಹುಡುಕೋದು ನಿನ್ನ ಶೋಕಿ ಕಣಮ್ಮ. ನಾನೇನು ಊರೂರು ಸುತ್ತು ಅಂದಿದ್ನೇ?" ಎಂದರು ಕಂಠೀರವಯ್ಯ.

"ಸುತ್ತದೆ ಇದ್ರೆ ಹೊಸ ಹಾಡು ಎಲ್ಲಿಂದ ಬರುತ್ತೆ?"

"ಅದು ಬಿಡು. ನಾಲ್ಕು ಜನರ ಕಣ್ಣಿಗೆ ಬೀಳ್ತಿದೀಯ, ಹೆಸರು ಬರ್ತಾ ಇದೆ. ಅದಕ್ಕೆ ಬೆಲೆ ಇಲ್ವೇ?"

"ಹೆಸರನ್ನ ಕಂಡಕ್ಟರು ತಗೊಳ್ಳಲ್ಲ, ಯಜಮಾನರೇ."

ಅವರು ಅಂಗೈಯನ್ನು ಎತ್ತಿದರು. ಕೆಳಗಿದ್ದದ್ದು ಆರುನೂರೇ. ಅದನ್ನು ತೆಗೆದುಕೊಂಡು, ಸಾವಿರದ ಇನ್ನೂರಾಗುವವರೆಗೆ ಬರುವುದಿಲ್ಲವೆಂದು ಹೇಳಿ ನಾನು ಮೆಟ್ಟಿಲಿಳಿದೆ. ಮುಂದಿನ ಶನಿವಾರದೊಳಗೆ ಅವರು ಕರೆ ಕಳಿಸುತ್ತಾರೆಂದು ನನಗೆ ಖಾತ್ರಿಯಿತ್ತು.

ಕರೆ ಬರಲಿಲ್ಲ. ಬಂದದ್ದು ಸುದ್ದಿ: ಕಂಠೀರವಯ್ಯನವರು ತಮ್ಮ ತಂಗಿಯ ಮಗ ಮುಕುಂದನನ್ನು ನನ್ನ ಜಾಗಕ್ಕೆ ನಿಲ್ಲಿಸಿದ್ದಾರೆ, ಸಂಜೆಗೆ ಮುನ್ನೂರಕ್ಕೆ.

ಮುಕುಂದ ಅಲ್ಲಿಯವರೆಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿದ್ದವನು. ಅವನ ಬಳಿ ಇದ್ದದ್ದು ಅಜ್ಜನ ಕಾಲದ ಹಾಡುಗಳ ಒಂದು ಟ್ರಂಕು. ಅದರೊಳಗಿನ ಪ್ರತಿಯೊಂದು ಹಾಡನ್ನೂ ಊರಿನ ಪ್ರತಿಯೊಬ್ಬರೂ ಯಾವುದಾದರೊಂದು ಮದುವೆಯಲ್ಲೋ ನಾಮಕರಣದಲ್ಲೋ ಕೇಳಿ ಮುಗಿಸಿದ್ದರು. ಇನ್ನೇನು, ಒಂದೇ ಸಂಜೆಗೆ ಕ್ಲಬ್ಬು ಖಾಲಿಯಾಗುತ್ತದೆ ಎಂದುಕೊಂಡು, ಆ ಸೊಗಸನ್ನು ಕಣ್ಣಾರೆ ನೋಡಲು ನಾನು ಟಿಕೆಟ್ಟು ಕೊಂಡು ಹೋದೆ.

ಸಭಾಂಗಣ ತುಂಬಿತ್ತು. ಜನ ಕುಣಿಯುತ್ತಿದ್ದರು. ನನಗೇನೂ ಕೇಳಿಸಲಿಲ್ಲ, ಅದು ಸಹಜ. ಆದರೆ ಪಾದಗಳನ್ನು ನೋಡಿದೆ. ಒಂದು ಜೋಡಿ ಪಾದ ಇನ್ನೊಂದು ಜೋಡಿಯ ಮಾತು ಕೇಳುತ್ತಿರಲಿಲ್ಲ. ಒಬ್ಬ ಓಡುವವನಂತೆ, ಒಬ್ಬ ಕೆಸರು ತುಳಿಯುವವನಂತೆ, ಇನ್ನೊಬ್ಬ ಬಸ್ಸಿಗೆ ಕಾಯುವವನಂತೆ ಕುಣಿಯುತ್ತಿದ್ದ. ಆಸ್ಪತ್ರೆಯ ಕಾಂಪೌಂಡರು ಗಣಿತದ ಮೇಷ್ಟ್ರ ಹೆಬ್ಬೆರಳನ್ನು ತುಳಿದು ಕ್ಷಮೆ ಕೇಳಿದರು. ಕೇಳಿ ಮುಗಿಸುವಷ್ಟರಲ್ಲಿ ಮತ್ತೆ ತುಳಿದರು. ಮೇಷ್ಟ್ರು ಕುಂಟುತ್ತ ಗೋಡೆಯ ಬಳಿಗೆ ಬಂದಾಗ ನಾನು ಮೆಲುದನಿಯಲ್ಲಿ, "ಹೇಗಿದೆ ಮೇಷ್ಟ್ರೇ ಹಾಡು?" ಎಂದು ಕೇಳಿದೆ. ಹಾಡೇನಾದರೂ ಕೇಳಿಸುತ್ತಿದ್ದರೆ ಅವರಿಗೆ ನನ್ನ ಪ್ರಶ್ನೆ ಕೇಳಿಸುವಂತೆಯೇ ಇರಲಿಲ್ಲ.

"ಪರವಾಗಿಲ್ಲ. ಹೊಸದು," ಎಂದರು ಮೇಷ್ಟ್ರು, ಅಷ್ಟೇ ಮೆಲುದನಿಯಲ್ಲಿ.

ಆಗ ನನಗೆ ಭಯವಾಯಿತು. ಇವರಲ್ಲಿ ಒಬ್ಬರೂ ಬಾಯಿ ಬಿಡುವವರಲ್ಲ. 'ಕೇಳಿದ್ದೇನೆ' ಎಂದು ಮೊದಲು ಹೇಳಿ ಮುದುಕರಾಗುವುದಕ್ಕಿಂತ ಹೆಬ್ಬೆರಳು ಕಳೆದುಕೊಳ್ಳುವುದೇ ಲೇಸೆಂದು ತೀರ್ಮಾನಿಸಿದ್ದರು. ಮೂಲೆಯ ಬೆತ್ತದ ಕುರ್ಚಿಯಿಂದ ಕಂಠೀರವಯ್ಯನವರು ನನ್ನನ್ನು ಕೈಸನ್ನೆ ಮಾಡಿ ಕರೆದರು.

"ಬಾ, ಕೂತ್ಕೋ. ನೋಡು, ಏನಾದ್ರೂ ವ್ಯತ್ಯಾಸ ಕಾಣುತ್ತಾ?"

"ಹೆಜ್ಜೆ ನೋಡಿ, ಯಜಮಾನರೇ. ಒಂದಕ್ಕೊಂದು ಸೇರ್ತಾ ಇಲ್ಲ."

"ಹೆಜ್ಜೆ ಸೇರಿಸೋಕೆ ಇದೇನು ಪೊಲೀಸ್ ಪೆರೇಡೇ? ಕುಣೀತಾ ಇದಾರಲ್ಲ, ಸಾಕು."

ಅವರ ಕಿವಿಯ ಮಟ್ಟಿಗೆ ನನ್ನದೂ ಮೌನ, ಮುಕುಂದನದೂ ಮೌನ. ಎರಡು ಮೌನಗಳಲ್ಲಿ ಅಗ್ಗದ್ದನ್ನು ಆರಿಸಿಕೊಂಡ ವ್ಯಾಪಾರಿಯನ್ನು ತಪ್ಪೆನ್ನುವಂತಿರಲಿಲ್ಲ. ಮರುದಿನ ಕೊಬ್ಬರಿ ಮಂಡಿಗೆ ಹೋಗಿ ನನ್ನ ಹಳೆಯ ಕೆಲಸ, ತಕ್ಕಡಿಯ ಬಳಿ ನಿಂತು ತೂಕ ಕೂಗುವುದು, ಖಾಲಿಯಿದೆಯೇ ಎಂದು ವಿಚಾರಿಸಿದೆ. ಮಂಡಿಯ ಯಜಮಾನ, "ತಿಂಗಳ ಕೊನೆಯ ಸೋಮವಾರದೊಳಗೆ ಬರೋದಾದ್ರೆ ಬಾ. ಆಮೇಲೆ ಬೇರೆಯವರನ್ನ ನೋಡ್ಕೋತೀನಿ," ಎಂದ.

ಆ ಸೋಮವಾರಕ್ಕೆ ನಾಲ್ಕು ದಿನ ಮುಂಚೆ, ಗುರುವಾರ ಬೆಳಿಗ್ಗೆ, ನಮ್ಮ ಮನೆಯ ಬಾಗಿಲು ಬಡಿದವರು ನಾಗರತ್ನಮ್ಮ, ಕಂಠೀರವಯ್ಯನವರ ಹೆಂಡತಿ. ದಿನವೂ ಕ್ಲಬ್ಬಿನ ಕೆಳಗಿನ ಬಾಗಿಲಿನವರೆಗೆ ಬಂದು ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದರೇ ಹೊರತು, ಮಹಡಿ ಹತ್ತಿದವರಲ್ಲ. ಓಲಗದವರ ಮನೆಯ ಮಗಳು. ಅಪ್ಪ ಬೆಳಗಿನಿಂದ ಸಂಜೆಯವರೆಗೆ ನಾಗಸ್ವರ ಸಾಧನೆ ಮಾಡುವ ಮನೆಯಲ್ಲಿ, ಮಗಳ ಮದುವೆಗೆ ಒಂದಾದರೂ ಉಳಿಯಲಿ ಎಂದು ತಾಯಿ ಅವರ ಕಿವಿಗೆ ಹತ್ತಿಯಿಟ್ಟೇ ಬೆಳೆಸಿದ್ದರಂತೆ. ಇಷ್ಟು ಕಡಿಮೆ ಕೇಳಿದ ಹೆಂಗಸು ಊರಿನಲ್ಲಿ ಇನ್ನೊಬ್ಬರಿಲ್ಲವೆಂದು ಪ್ರತೀತಿ.

ಅವರು ಮೆಟ್ಟಿಲ ಮೇಲೆಯೇ ಕುಳಿತು, "ನಿನ್ನೆ ಮುಕುಂದ ಏನು ಮಾಡಿದ ಕೇಳಿದ್ಯಾ? ನಿಂತು ನಿಂತು ಮಂಡಿ ನೋವು, ನಿಲ್ಲೋದು ಅಂದ್ರೆ ಸುಲಭ ಅಲ್ಲ ಮಾವ, ಇನ್ನೂರು ಜಾಸ್ತಿ ಮಾಡಿ ಅಂದ. ಇವರು, ಏನೂ ಮಾಡದೆ ನಿಲ್ಲೋಕೆ ಇಷ್ಟು ದುಡ್ಡೇ ಅಂದ್ರು. ಅವನಿಗೆ ರೋಷ ಬಂತು. ಎಲ್ಲಾ ನಿಲ್ಲಿಸಿ, ಮೈಕು ಹಿಡ್ಕೊಂಡು, 'ಇದೆಲ್ಲ ನೀವು ನಿಮ್ಮ ಚಿಕ್ಕಮ್ಮಂದಿರ ಮದುವೇಲೇ ಕೇಳಿದ್ದೀರಿ, ಸುಮ್ಮನೆ ಯಾಕೆ ನಾಟಕ' ಅಂದುಬಿಟ್ಟ," ಎಂದರು.

"ಆಮೇಲೆ?"

"ಆಮೇಲೇನು. ಯಾರೂ ಯಾರ ಮುಖಾನೂ ನೋಡಲಿಲ್ಲವಂತೆ. ಕ್ಯೂ ನಿಂತು ಟಿಕೆಟ್ಟಿನ ದುಡ್ಡು ವಾಪಸ್ ಇಸ್ಕೊಂಡು ಹೋದ್ರಂತೆ. ಇವರು ರಾತ್ರಿ ಅನ್ನ ಮುಟ್ಟಲಿಲ್ಲ. ನಿನ್ನ ಕರ್ಕೊಂಡು ಬಾ ಅಂತ ಕಳಿಸಿದಾರೆ."

"ಎಷ್ಟಕ್ಕೆ?"

"ಆರುನೂರಕ್ಕೇ," ಎಂದರು ನಾಗರತ್ನಮ್ಮ. ನಾನು ಬಾಗಿಲು ಹಾಕುವಷ್ಟರಲ್ಲಿ ಕಾಲು ಅಡ್ಡ ಇಟ್ಟರು. "ತಾಳು ತಾಯಿ. ನಮ್ಮ ತವರಲ್ಲಿ ಒಂದು ಪದ್ಧತಿ ಇತ್ತು. ಓಲಗಕ್ಕೆ ಯಾರು ದುಡ್ಡು ಕೊಡ್ತಾರೋ ಅವರು ಮುಹೂರ್ತದವರೆಗೂ ಕಿವಿಗೆ ಹತ್ತಿ ಇಟ್ಕೋಬೇಕು. ಮೊದಲೇ ಕೇಳಿದವನು ಕೊಡುವಾಗ ಗೊಣಗ್ತಾನೆ ಅಂತ ನಮ್ಮಪ್ಪ ಹೇಳೋರು. ಇವರ ಬದಲು ನಾನು ಪಾಸು ಮಾಡಿದ್ರೆ ಹೇಗೆ?"

ನಾವಿಬ್ಬರೂ ಆ ಗಳಿಗೆಯೇ ಕ್ಲಬ್ಬಿಗೆ ಹೋದೆವು. ಕಂಠೀರವಯ್ಯನವರು ತಮ್ಮ ಹೆಂಡತಿ ಹಾಡು ಪಾಸು ಮಾಡುವ ವಿಚಾರವನ್ನು ಕೇಳಿ, ಸೀರೆಯ ಮಡಿಕೆಯಲ್ಲಿ ತೂತು ಕಂಡವರಂತೆ ಮುಖ ಮಾಡಿದರು.

"ನಾನು ನೋಡದೆ ಇರೋ ಮಾಲನ್ನ ಗಿರಾಕಿಗೆ ಹೇಗೆ ಕೊಡ್ಲಿ?"

"ನೀವು ಅಡುಗೆಮನೇಲೇ ನಿಂತು ಎಲ್ಲಾ ತಿಂದು, ಆಮೇಲೆ ಎಲೆ ಮುಂದೆ ಕೂತು ಹಸಿವಿಲ್ಲ ಅಂದ್ರೆ ಅದು ಅಡುಗೆಯವಳ ತಪ್ಪೇ?" ಎಂದರು ನಾಗರತ್ನಮ್ಮ. "ಒಂದು ಸಂಜೆ ಎಲೆ ಮುಂದೆ ಕೂತು ಊಟ ಮಾಡಿ, ನೋಡೋಣ."

ಕಂಠೀರವಯ್ಯನವರು ನನ್ನನ್ನು ನೋಡಿದರು. ನಾನು ಬಸ್ಸಿನಲ್ಲಿ ಕುಳಿತು ಯೋಚಿಸಿದ್ದ ವಾದಗಳನ್ನೆಲ್ಲ ಪಕ್ಕಕ್ಕಿಟ್ಟೆ. "ಶನಿವಾರ ಬಾಗಿಲು ಹಾಕಿರಲಿ. ಭಾನುವಾರ ಸಂಜೆ ಒಂದು ಸಲ ಕೇಳಿ, ಯಜಮಾನರೇ. ಕೇಳಿದ ಮೇಲೆ ನಿಮ್ಮ ಕಿವಿ ಎಷ್ಟು ಅನ್ನುತ್ತೋ ಅಷ್ಟು ಕೊಡಿ. ಆರುನೂರೇ ಅಂದ್ರೆ ನಾನು ಚಕಾರ ಎತ್ತಲ್ಲ, ಸೋಮವಾರ ಮಂಡಿಗೆ ಹೋಗ್ತೀನಿ."

"ಮಾತು ಮಾತೇ?"

"ಮಾತೇ."

ಮೂರು ದಿನ ನಾನು ನಿದ್ದೆ ಮಾಡಿದ್ದು ಬಸ್ಸಿನಲ್ಲಿ. ಆರು ವರ್ಷಗಳಲ್ಲಿ ಹೋಗದಿದ್ದ ಊರುಗಳಿಗೆ ಹೋದೆ. ಉಪ್ಪಿನ ಗದ್ದೆಯವರ ಹಾಡು, ದೋಣಿ ಕಟ್ಟುವವರ ಹಾಡು, ಅತ್ತಿಗೆಯನ್ನು ಬೈಯುವ ಹಾಡು, ಇನ್ನೂ ಹೆಸರಿಡದ ಹಾಡು, ಎಲ್ಲವನ್ನೂ ತೊಡೆಯ ಮೇಲೆ ಬಡಿದು ಬಡಿದು ಮೈಗೆ ಹತ್ತಿಸಿಕೊಂಡೆ. ಭಾನುವಾರ ಮಧ್ಯಾಹ್ನ ಕಂಠೀರವಯ್ಯನವರನ್ನು ಕಿವಿಗೆ ಹತ್ತಿಯಿಟ್ಟು ಕೆಳಗಿನ ಕೋಣೆಯಲ್ಲಿ ಕೂರಿಸಿದೆವು. ನಾಗರತ್ನಮ್ಮ ಅವರ ಮೇಜಿನ ಮುಂದೆ ಕುಳಿತು, ಪೆಟ್ಟಿಗೆಯನ್ನು ಕಿವಿಯ ಹತ್ತಿರಕ್ಕೆ ಹಿಡಿದು ಕೇಳಿದರು. ಪ್ರತಿಯೊಂದಕ್ಕೂ "ಇರಲಿ" ಎಂದರು. ಒಂದನ್ನು ಮಾತ್ರ ನಡುವೆ ನಿಲ್ಲಿಸಿ, ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತರು.

"ಯಾಕಮ್ಮಾ, ಬೇಡವೇ?"

"ಇದರ ಉಳಿದರ್ಧ ಸಂಜೆಗಿರಲಿ," ಎಂದರು. "ನಾನೂ ಮೇಲೆ ಬರ್ತೀನಿ."

ಸಂಜೆ ಐದಕ್ಕೆ ಜನ ಬಂದರು. ಬುಧವಾರದ ಅವಮಾನದ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರೂ ಇದೇ ಮೊದಲ ಸಲ ಬಂದವರಂತೆ ಅತ್ತಿತ್ತ ನೋಡಿದರು. ಕಂಠೀರವಯ್ಯನವರು ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡು ತಮ್ಮ ಬೆತ್ತದ ಕುರ್ಚಿಯಲ್ಲಿ ಕುಳಿತರು. ಆ ಕುರ್ಚಿ ಬೀರುವಿನಷ್ಟೆತ್ತರದ ಸ್ಪೀಕರಿಗೆ ಆತುಕೊಂಡಿತ್ತು. ಅಲ್ಲಿ ಫ್ಯಾನಿನ ಗಾಳಿ ಚೆನ್ನಾಗಿ ಬೀಸುತ್ತದೆಂದು ಮೊದಲ ದಿನವೇ ಅವರು ಆರಿಸಿಕೊಂಡ ಜಾಗ.

ಮೊದಲ ಹಾಡು ಹಾಕಿದೆ. ಜನರ ಹಿಮ್ಮಡಿಗಳು ಒಟ್ಟಿಗೆ ಎದ್ದವು. ಗಣಿತದ ಮೇಷ್ಟ್ರು ಬ್ಯಾಂಡೇಜಿನ ಹೆಬ್ಬೆರಳನ್ನು ಮರೆತರು. ನನ್ನ ಕಣ್ಣು ಮಾತ್ರ ಒಂದೇ ಜೋಡಿ ಚಪ್ಪಲಿಯ ಮೇಲಿತ್ತು. ಅವು ಅಲುಗಲಿಲ್ಲ. ಎರಡನೆಯ ಹಾಡಿಗೂ ಅಲುಗಲಿಲ್ಲ. ಮೂರನೆಯದು ದೋಣಿ ಕಟ್ಟುವವರ ಹಾಡು, ಕಲ್ಲಿನ ಕಂಬವನ್ನೂ ಕುಣಿಸುವಂಥದು. ಕಂಠೀರವಯ್ಯನವರು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು ಎದ್ದರು, ಮತ್ತೆ ಕುಳಿತರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ನಾಲ್ಕನೆಯ ಹಾಡು ಏರುವ ಹೊತ್ತಿಗೆ ಎರಡೂ ಅಂಗೈಗಳನ್ನು ಕಿವಿಗಳ ಮೇಲೆ ಒತ್ತಿಕೊಂಡು, ಕುಣಿಯುವವರ ನಡುವೆ ತೂರಿ, ಮೆಟ್ಟಿಲಿಳಿದು ಹೊರಟುಹೋದರು.

ಬೆತ್ತದ ಕುರ್ಚಿ ಖಾಲಿಯಾಗಿ ಉಳಿಯಿತು. ನನ್ನ ಕಣ್ಣ ಮುಂದೆ ಮಂಡಿಯ ತಕ್ಕಡಿ ಬಂದು ನಿಂತಿತು. ಆದರೆ ಟಿಕೆಟ್ಟು ಕೊಂಡವರು ಯಜಮಾನರಲ್ಲ. ಕೈ ನಿಲ್ಲಿಸಲಿಲ್ಲ. ಆ ಸಂಜೆಯಷ್ಟು ಒಂದಾಗಿ ಎದ್ದು ಒಂದಾಗಿ ಬಿದ್ದ ಪಾದಗಳನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಾಗರತ್ನಮ್ಮ ಗೋಡೆಗೊರಗಿ ನಿಂತು ತಮ್ಮ ಉಳಿದರ್ಧಕ್ಕೆ ಕಾದರು. ಅದು ಬಂದಾಗ ಅವರ ಎಡಗಾಲು ಸೀರೆಯ ನೆರಿಗೆಯೊಳಗೇ ಒಂದೆರಡು ಸಲ ಆಡಿದ್ದು ನನಗೆ ಕಾಣಿಸಿತು.

ಬಸ್ಸಿನ ಹೊತ್ತಾಯಿತು. ಕೊನೆಯ ಹಾಡನ್ನು ಇಳಿಸಿ, ದೀಪ ಹಾಕಿ, ತಂತಿಗಳನ್ನು ಸುತ್ತತೊಡಗಿದೆ. ಜನ ಮೆಟ್ಟಿಲಿಳಿಯುತ್ತಿದ್ದರು. ಅವರನ್ನು ಎರಡೂ ಕಡೆಗೆ ಸರಿಸುತ್ತ ಕಂಠೀರವಯ್ಯನವರು ಮೇಲೆ ಬಂದರು. ಕೊಳಾಯಿಯ ಕೆಳಗೆ ತಲೆಯೊಡ್ಡಿದ್ದರೆಂದು ಕಾಣುತ್ತದೆ. ಕೂದಲಿನಿಂದ ನೀರು ಸೋರುತ್ತಿತ್ತು.

"ಆರು ವರ್ಷ!" ಎಂದು ಕೂಗಿದರು.

ಮೆಟ್ಟಿಲ ಮೇಲಿದ್ದವರೆಲ್ಲ ನಿಂತು ತಿರುಗಿ ನೋಡಿದರು. ನಾಗರತ್ನಮ್ಮ ಹತ್ತಿರ ಹೋಗಿ, "ಮೆಲ್ಲಗೆ ಮಾತಾಡಿ. ಯಾಕೆ ಕೂಗ್ತೀರಿ?" ಎಂದರು.

"ನಾನೆಲ್ಲಿ ಕೂಗ್ತಾ ಇದೀನಿ?" ಎಂದು ಅವರು ಇನ್ನಷ್ಟು ಗಟ್ಟಿಯಾಗಿ ಕೂಗಿದರು. "ಅಲ್ಲ ಕಣೇ, ಇಂಥಾ ಸದ್ದಿನೊಳಗೆ ಈ ಹೆಣ್ಣುಮಗಳು ಆರು ವರ್ಷ ನಿಂತಿದಾಳೆ. ಒಂದು ದಿನ ಬಾಯಿ ಬಿಟ್ಟು ಹೇಳಲಿಲ್ಲ. ಹಾಡು ಹುಡುಕೋಕೆ ದುಡ್ಡು, ಬಸ್ಸಿಗೆ ದುಡ್ಡು ಅಂತ ಏನೇನೋ ಕೇಳ್ತಿದ್ಲು. ನಾಚಿಕೆ ಸ್ವಭಾವ ಅಂತ ಕಾಣುತ್ತೆ. ನಾಲ್ಕು ಹಾಡಿಗೆ ನನ್ನ ಹಲ್ಲಿನ ಬುಡವೆಲ್ಲ ಅಲ್ಲಾಡಿಹೋಯ್ತು. ಇವಳನ್ನ ಆರುನೂರಕ್ಕೆ ಇದರೊಳಗೆ ನಿಲ್ಲಿಸಿದ ಪಾಪ ಯಾವ ಜನ್ಮದಲ್ಲಿ ಕಳೀಲಿ ನಾನು? ಸಾವಿರದ ಐನೂರು ಕೊಡ್ತೀನಿ. ಒಂದು ಸಂಜೆಗೆ. ಇವತ್ತಿನಿಂದಲೇ."

"ಸಾವಿರದ ಐನೂರಂತೆ," ಎಂದರು ಗಣಿತದ ಮೇಷ್ಟ್ರು, ಕೆಳಗಿನ ಮೆಟ್ಟಿಲಿನವರಿಗೆ. ಅವರು ಅದನ್ನು ಇನ್ನೂ ಕೆಳಗಿನವರಿಗೆ ದಾಟಿಸಿದರು. ಬಸ್ಸು ಹೊರಡುವ ಮುನ್ನ ಆ ಮೊತ್ತ ಬಸ್ಸಿನೊಳಗೆ ಹತ್ತಿ ಕುಳಿತಾಗಿತ್ತು. ಇನ್ನು ಅದನ್ನು ಯಾರೂ ಇಳಿಸುವಂತಿರಲಿಲ್ಲ.

ಹಾಡುಗಳ ಬಗ್ಗೆ, ಪಾದಗಳ ಬಗ್ಗೆ, ಬಸ್ಸಿನಲ್ಲಿ ಕಳೆಯುವ ನಾಲ್ಕು ದಿನಗಳ ಬಗ್ಗೆ ನಾನು ಹೇಳಬೇಕೆಂದುಕೊಂಡದ್ದು ಬಹಳವಿತ್ತು. ತಂತಿಯ ಸುರುಳಿಯನ್ನು ಕೆಳಗಿಟ್ಟು, "ಹಾಡು ಹೇಗಿತ್ತು, ಯಜಮಾನರೇ?" ಎಂದೆ.

ಅವರು ನನ್ನ ತುಟಿಗಳನ್ನೇ ದಿಟ್ಟಿಸಿ ನೋಡಿ, "ಹಾಡೇ? ಯಾವ ಹಾಡು?" ಎಂದರು. ಆಮೇಲೆ ಹತ್ತಿರ ಬಂದು, ರೋಗಿಯನ್ನು ವಿಚಾರಿಸುವಂತೆ ತಲೆ ಬಗ್ಗಿಸಿ ಕೇಳಿದರು: "ನಿನ್ನ ಕಿವಿ ಹೇಗಿದೆಯಮ್ಮಾ? ನೋಯಲ್ವೇ?"

ಅವರ ಹೆಗಲ ಹಿಂದಿನಿಂದ ನಾಗರತ್ನಮ್ಮ ನನ್ನನ್ನೇ ನೋಡುತ್ತಿದ್ದರು. ಆ ಸಭಾಂಗಣದಲ್ಲಿ ಒಂದು ದಿನವಾದರೂ ಒಂದು ಸ್ವರವಾದರೂ ನನ್ನ ಕಿವಿಗೆ ಬಿದ್ದದ್ದಿಲ್ಲ. ನಾವಿಬ್ಬರೂ ಅಲ್ಲೇ ಮೆಲುದನಿಯಲ್ಲಿ ಕೂಲಿ ಚರ್ಚಿಸುತ್ತಿದ್ದುದು ಯಜಮಾನರಿಗೆ ಮರೆತೇಹೋಗಿತ್ತು. ನಾನು ಎಡಗೈಯನ್ನು ಎತ್ತಿ ಕಿವಿಯ ಮೇಲಿಟ್ಟುಕೊಂಡೆ.

"ಈ ಕಡೆ ಸ್ವಲ್ಪ," ಎಂದೆ.